ಗುಲಾಬಿ ಹಾಳೆಯ ಗಂಡ

ಹನ್ನೊಂದನೆಯ ನಿಮಿಷಕ್ಕೆ ಟೀವಿಯಲ್ಲಿ ಗಂಡ ಇನ್ನೊಂದು ಮನೆಯ ಬಾಗಿಲು ತಟ್ಟಿದ. ಹಾಗೊಂದು ಮನೆ ಇದೆಯೆಂದು ಕಥೆ ಬರೆದವಳಿಗೇ ಗೊತ್ತಿರಲಿಲ್ಲ.

ಅವಳು ಸೋಫಾದ ಅಂಚಿಗೆ ಜರುಗಿದಳು. ಸಂಜೆ ಏಳಕ್ಕೆ ತನ್ನ ಧಾರಾವಾಹಿಯ ಮೊದಲ ಕಂತು ಎಂದು ಬಂಧುಬಳಗಕ್ಕೆಲ್ಲ ಫೋನು ಮಾಡಿ ಸಾರಿದ್ದಳು. ಬಲಗಡೆ ಅತ್ತೆ, ಎಡಗಡೆ ಗಂಡ. ಪರದೆಯ ಮೇಲೆ ಯಾರೋ ಹೆಂಗಸು "ಬಂದ್ರಾ?" ಎಂದು ನಗುತ್ತಾ ಅವನ ಕೈಚೀಲ ಇಸಿದುಕೊಂಡಳು.

ಅವಳು ಬರೆದದ್ದು ಇದಲ್ಲವೇ ಅಲ್ಲ. ಅವಳ ಕಥೆಯ ಗಂಡ ಲಿಫ್ಟುಗಳನ್ನು ಪರೀಕ್ಷಿಸುವ ಇನ್ಸ್‌ಪೆಕ್ಟರ್. ಮಂಗಳವಾರ, ಬುಧವಾರ ಟೂರು; ಉಳಿದ ಐದು ದಿನ ಮನೆ. ಕಿತ್ತಳೆಯ ಸಿಪ್ಪೆಯನ್ನು ಕಡಿಯದೆ ಒಂದೇ ಎಳೆಯಾಗಿ ಸುಲಿದು ಹೆಂಡತಿಯ ಕೈಗೆ ಬಳೆಯೆಂದು ತೊಡಿಸುವವನು. ಮೂಗು ಕೆರಳಿ ಸೀನು ಬರುವ ಮೊದಲು "ಬಂತು, ಬಂತು!" ಎಂದು ಕೂಗಿ ಬಾಗಿಲ ಚೌಕಟ್ಟು ಹಿಡಿಯುವವನು. ಎಲ್ಲವೂ ಎಡಗಡೆ ಕೂತವನಿಂದಲೇ ಎತ್ತಿದ್ದು. ಹನ್ನೊಂದು ವರ್ಷದ ಸಂಸಾರಕ್ಕೆ ಅವಳು ಬರೆದ ಮೆಚ್ಚುಗೆಯ ಪತ್ರ ಅದು. ಕಥೆಗಿಥೆ ಓದುವ ಜಾಯಮಾನದವನಲ್ಲದ ಗಂಡ ಟೀವಿಯಲ್ಲಾದರೂ ನೋಡಿ ಹಿಗ್ಗಲಿ ಎಂದು ಕಥೆಯನ್ನು ಗುಟ್ಟಾಗಿಟ್ಟಿದ್ದಳು.

ಪರದೆಯ ಮೇಲಿನವನು ಆ ಇನ್ನೊಂದು ಮನೆಯಲ್ಲಿ ಮಲಗಲು ಹೊರಟ. ಮಂಚದ ಮೇಲೆ ಕೂತು ಎಡಗಾಲಿಗೆ ಮಾತ್ರ ಕಾಲುಚೀಲ ಏರಿಸಿದ.

ಎಡ ಹಿಮ್ಮಡಿ ಒಡೆದಿರುವುದರಿಂದ ಮುಲಾಮು ಸವರಿ ಒಂದೇ ಕಾಲುಚೀಲ ಹಾಕಿ ಮಲಗುವುದು ಅವಳ ಗಂಡನ ಪದ್ಧತಿ. ಅದನ್ನು ಅವಳು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಮಲಗುವ ಕೋಣೆಯ ಮಾತು ಅಲ್ಲೇ ಇರಲಿ ಎಂದು ಬಿಟ್ಟಿದ್ದಳು.

"ಇದೇನೇ ಇದು, ಒಂದೇ ಕಾಲಿಗೆ ಚೀಲ?" ಎಂದರು ಅತ್ತೆ. "ಇನ್ನೊಂದನ್ನ ಇಲಿ ಎತ್ಕೊಂಡು ಹೋಯ್ತಾ?"

"ಆಫ್ ಮಾಡು," ಎಂದು ಗಂಡ ಎದ್ದ. "ತಲೆ ಸಿಡೀತಿದೆ."

ಅವಳು ಅವನ ಹಿಂದೆಯೇ ಅಡುಗೆಮನೆಗೆ ನುಗ್ಗಿದಳು. ಧಾರಾವಾಹಿಯ ನಿರ್ದೇಶಕ ಗಂಡನ ಶಾಲಾ ಗೆಳೆಯ. ಎರಡೂ ಎರಡೂ ಕೂಡಿದರೆ ನಾಲ್ಕು.

"ಕಾಲುಚೀಲದ ವಿಷಯ ನಿಮ್ಮ ಗೆಳೆಯನಿಗೆ ಹೇಳಿದ್ದು ನೀವೇ ಅಲ್ವೇನ್ರೀ?"

ಅವನು ನೀರಿನ ಲೋಟ ಹಿಡಿದು ಅವಳನ್ನೇ ನೋಡಿದ. ಒಂದು ಕ್ಷಣ ಪ್ರಶ್ನೆಯೇ ಅರ್ಥವಾಗದವನಂತೆ ನಿಂತ. ಆಮೇಲೆ ಉಸಿರು ಬಿಟ್ಟ.

"ಹೂಂ. ನಾನೇ. ಟೀ ಕುಡೀತಾ ಬಾಯಿ ಜಾರ್ತು. ತಪ್ಪಾಯ್ತು ಕಣೇ."

"ಮತ್ತೆ ಆ ಎರಡನೇ ಮನೆ?"

"ಅದು ಅವನ ತಲೆಹರಟೆ. ನೀನು ಅಲ್ಲಿಗೆ ಹೋಗಿ ರಂಪ ಮಾಡ್ಬೇಡ, ನಾನೇ ಮಾತಾಡ್ತೀನಿ."

ಹನ್ನೊಂದು ವರ್ಷದಲ್ಲಿ ಅವನು ಕೇಳಿದ ಕೂಡಲೇ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಅವಳಿಗೆ ಅಳು ಬಂತು. ಪ್ರೀತಿಯಿಂದ ಬರೆದದ್ದಕ್ಕೆ ಇಬ್ಬರೂ ಸೇರಿ ಮಸಿ ಬಳಿದರಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಆ "ತಪ್ಪಾಯ್ತು" ಕೇಳಿ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ನಿರ್ದೇಶಕನಿಗೆಂದು ತೆಗೆದಿಟ್ಟಳು.

ಬೆಳಿಗ್ಗೆ ಹತ್ತಕ್ಕೆಲ್ಲ ಅವನ ಎಡಿಟಿಂಗ್ ಕೋಣೆಯಲ್ಲಿದ್ದಳು.

"ನನ್ನ ಗಂಡನ ಬಾಯಿ ಬಿಡಿಸಿ ನನ್ನ ಕಥೆ ಹಾಳು ಮಾಡಿದ್ರಿ. ನಂಬಿದವರಿಗೆ ಹೀಗಾ ಮಾಡೋದು?"

ನಿರ್ದೇಶಕ ಕಿವಿಯ ಹೆಡ್‌ಫೋನ್ ತೆಗೆದ. "ಯಾರ ಬಾಯಿ ಅತ್ತಿಗೆ? ಅವನ ಮುಖ ನೋಡಿ ಒಂದೂವರೆ ವರ್ಷ ಆಯ್ತು. ಯಾವಾಗ ಕರೆದ್ರೂ ಟೂರು ಅಂತಾನೆ."

"ಸುಳ್ಳು ಹೇಳ್ಬೇಡಿ. ಅವರೇ ಒಪ್ಕೊಂಡಿದ್ದಾರೆ."

"ಏನು ಒಪ್ಕೊಂಡ್ನೋ ನಂಗೊತ್ತಿಲ್ಲ. ಇದನ್ನ ನೋಡಿ."

ಅವನು ಕಪಾಟಿನಿಂದ ಚಿತ್ರಕಥೆಯ ಕಟ್ಟು ಎಳೆದ. ಅವರ ಕಸುಬಿನಲ್ಲಿ ಅದೊಂದು ಶಿಸ್ತು. ಮೊದಲು ಬರೆದದ್ದು ಬಿಳಿ ಹಾಳೆಯಲ್ಲಿ, ತಿದ್ದಿದ್ದು ನೀಲಿಯಲ್ಲಿ, ಮತ್ತೆ ತಿದ್ದಿದ್ದು ಗುಲಾಬಿಯಲ್ಲಿ. ಬದಲಾದ ಪ್ರತಿ ಸಾಲಿನ ಪಕ್ಕ ಒಂದು ನಕ್ಷತ್ರ. ನಕ್ಷತ್ರದ ಪಕ್ಕ, ಆ ಬದಲಾವಣೆ ಎಲ್ಲಿಂದ ಬಂತೆಂಬ ಗುರುತು. ಬಿಳಿ, ನೀಲಿ ಎರಡೂ ಅವಳ ಕೈಯವೇ. ಗುಲಾಬಿಯನ್ನು ಅವಳು ಕಂಡೇ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ?

ಕಾಲುಚೀಲದ ಸಾಲಿಗೆ ನಕ್ಷತ್ರ: 'ಚೀಟಿ ಹದಿನೇಳು.' ಎರಡನೆಯ ಮನೆಗೂ ನಕ್ಷತ್ರ: 'ಚಾನೆಲ್ಲಿನ ಸಲಹೆ, ಚೀಟಿ ಹದಿನೇಳನ್ನು ಓದಿದ ಮೇಲೆ.'

"ನೀಲಿ ಹಾಳೆ ಪ್ರಕಾರವೇ ಶೂಟ್ ಮಾಡಿದ್ದೆ, ಆಣೆ," ಎಂದ ನಿರ್ದೇಶಕ. "ಪ್ರಸಾರಕ್ಕೆ ಮುಂಚೆ ಚಾನೆಲ್ಲಿನವರು ಬಸ್ ನಿಲ್ದಾಣದಲ್ಲಿ ಸಿಕ್ಕ ಇಪ್ಪತ್ತು ಜನರನ್ನ ಕರ್ಕೊಂಡು ಬಂದು ತೋರಿಸಿದ್ರು. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ರು. ಹದಿನೇಳನೆಯಾಕೆ ಪಾಪ, ಸುಮ್ನೆ ಒಂದು ತಪ್ಪು ತೋರಿಸಿದ್ಲು. ಅದನ್ನ ಓದಿ ಚಾನೆಲ್ಲಿನವರು ಕುಣಿದಾಡಿದ್ರು, ಕಥೆಗೆ ತಿರುವು ಸಿಕ್ತು ಅಂತ. ಮತ್ತೆ ಶೂಟ್ ಮಾಡಿಸಿದ್ರು. ನಿಮಗೆ ಹೇಳಿದ್ರೆ ಒಪ್ತಿರಲಿಲ್ಲ, ಅದಕ್ಕೇ ಬಾಯಿ ಮುಚ್ಕೊಂಡೆ. ಅದು ನನ್ನ ತಪ್ಪು."

"ಚೀಟಿ ಕೊಡಿ," ಎಂದಳು.

ಅವನು ಕಡತದಿಂದ ಹುಡುಕಿ ಕೊಟ್ಟ. ಮೇಲೆ ಅಚ್ಚಾದ ಪ್ರಶ್ನೆ: 'ಈ ಕಥೆಯಲ್ಲಿ ನಂಬಲಾಗದ್ದು ಏನು?' ಕೆಳಗೆ ದುಂಡನೆಯ, ತಪ್ಪಿಲ್ಲದ ಅಕ್ಷರ.

'ಗಂಡ ಥೇಟ್ ನಮ್ಮ ಮನೆಯವರ ಹಾಗೇ ಇದ್ದಾರೆ. ಅದೇ ಲಿಫ್ಟಿನ ಕೆಲಸ, ಅದೇ ಕಿತ್ತಳೆಯ ಬಳೆ, ಅದೇ ಸೀನು, ಮಲಗುವಾಗ ಎಡಗಾಲಿಗೊಂದು ಕಾಲುಚೀಲ ಹಾಕಿಸಿಬಿಟ್ಟರೆ ಸಾಕ್ಷಾತ್ ಅವರೇ. ಆದರೆ ಐದು ದಿನ ಮನೆ, ಎರಡು ದಿನ ಟೂರು ಎಂದಿದ್ದೀರಲ್ಲ, ಅದು ಮಾತ್ರ ಶುದ್ಧ ಸುಳ್ಳು: ನಮ್ಮವರು ಮನೆಯಲ್ಲಿರುವುದು ಮಂಗಳವಾರ, ಬುಧವಾರ, ಉಳಿದ ಐದು ದಿನವೂ ಟೂರು.'