ಗುದ್ದಲಿ ತಾಗದ ಪಾತಿ

"ಅಲ್ಲಿ ಮಾತ್ರ ಅಗೀಬೇಡಿ," ಎಂದು ಅತ್ತಿಗೆ ಪೊಲೀಸರಿಗೆ ಅಡ್ಡ ನಿಂತಳು.

ನಾದಿನಿಗೆ ಬೇಕಾಗಿದ್ದುದೂ ಅದೇ. ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ ಇನ್‌ಸ್ಪೆಕ್ಟರ್ ಮುಖ ನೋಡಿದಳು.

ಅವಳ ಅಣ್ಣ ಕಾಣೆಯಾಗಿ ವರ್ಷವಾಗುತ್ತ ಬಂದಿತ್ತು. ಯಾರ ಜೊತೆಗೋ ಓಡಿಹೋದ ಎಂದು ಬೀದಿಯವರು ಕೈ ತೊಳೆದುಕೊಂಡಿದ್ದರು. ಕನ್ನಡಕ, ಚಪ್ಪಲಿ ಎಲ್ಲ ಬಿಟ್ಟು ಯಾವ ಗಂಡಸು ಓಡಿಹೋಗುತ್ತಾನೆ? ಠಾಣೆಗೆ ಅಲೆದೂ ಅಲೆದೂ ಕೊನೆಗೆ ಇವರನ್ನು ಕರೆತಂದಿದ್ದಳು. ಅಣ್ಣ ಬದುಕಿಲ್ಲವೆಂದಾದರೆ ಮೂಳೆಯಾದರೂ ಸಿಗಲಿ. ಒಮ್ಮೆ ಅತ್ತು ಹಗುರಾಗಬೇಕಿತ್ತು ಅವಳಿಗೆ.

ಹಿತ್ತಲಲ್ಲಿ ಇದ್ದದ್ದು ಎರಡೇ ಪಾತಿ. ಕಿಟಕಿ ಕೆಳಗಿನದಕ್ಕೆ ಅತ್ತಿಗೆ ಎಂದೂ ಗುದ್ದಲಿ ತಾಗಿಸಿದವಳಲ್ಲ. ಒಣಗಿದೆಲೆ ಹೊದಿಸಿ, ಉಳುವ ಕೆಲಸ ಎರೆಹುಳಗಳದ್ದು ಎನ್ನುತ್ತಿದ್ದಳು. ಗಂಡನಿಗಿಂತ ಹುಳಗಳ ಮೇಲೇ ಮುದ್ದು ಜಾಸ್ತಿ ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಿದ್ದರು. ಗೋಡೆ ಪಕ್ಕದ ಪಾತಿಯನ್ನು, ಕಾಣೆಯಾಗುವ ಹಿಂದಿನ ಸಂಜೆ, ಅಣ್ಣ ಬಾಡಿಗೆಯ ಟಿಲ್ಲರ್ ತಂದು ಹುಡಿ ಹಾರಿಸಿದ್ದ. ನಾದಿನಿ ಅಲ್ಲೇ ಟೀ ಕುಡಿಯುತ್ತ ಕೂತಿದ್ದಳು. ತುಂಡಾದ ಹುಳಗಳನ್ನು ಅತ್ತಿಗೆ ಬೊಗಸೆಗೆ ತುಂಬಿಕೊಂಡು ಅಳುವುದನ್ನು ನೋಡಿ ಅಣ್ಣ ತಂಗಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

"ನಾಳೆ ಕಿಟಕಿ ಕೆಳಗಿನದು," ಎಂದಿದ್ದ ಅಣ್ಣ.

ಇನ್‌ಸ್ಪೆಕ್ಟರ್ ಗೋಡೆಯ ಕಡೆ ಕೈ ತೋರಿಸಿದ. "ಅದನ್ನೂ ನೋಡೋದಾ?"

"ಅದು ಬೇಡ ಸಾರ್. ಅದನ್ನ ಅಗೆದಿದ್ದು ಅಣ್ಣನೇ, ನನ್ನ ಕಣ್ಣೆದುರಿಗೆ. ಇವರು ಮುಟ್ಟೋಕೆ ಬಿಡದೇ ಇರೋದು ಇದನ್ನ."

ಸಲಿಕೆಗಳು ಇಳಿದವು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಒಂದೊಂದು ಏಟಿಗೂ ಕಣ್ಣು ಮುಚ್ಚಿದಳು. ನಾದಿನಿ ಅದನ್ನೂ ತಪ್ಪೊಪ್ಪಿಗೆ ಎಂದೇ ತಿಳಿದಳು. ಆಳಕ್ಕೆ ಹೋದಂತೆಲ್ಲ ಹುಳಗಳು, ನೆಟ್ಟಗೆ ಇಳಿದ ಅವುಗಳ ಬಿಲಗಳು. ಮೂಳೆಯಿಲ್ಲ, ಬಟ್ಟೆಯ ಚೂರೂ ಇಲ್ಲ.

"ಈ ಮಣ್ಣನ್ನ ಯಾರೂ ಕದಲಿಸಿಲ್ಲಮ್ಮ. ಕದಲಿಸಿದ್ರೆ ಬಿಲಗಳು ಹೀಗಿರ್ತಿರಲಿಲ್ಲ," ಎಂದು ಇನ್‌ಸ್ಪೆಕ್ಟರ್ ಕೈ ಒರೆಸಿಕೊಂಡ. "ಇನ್ನು ಇದನ್ನ ಇಲ್ಲಿಗೆ ಬಿಟ್ಬಿಡಿ."

ಜೀಪು ಹೊರಟುಹೋಯಿತು. ನಾದಿನಿಗೆ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಅತ್ತಿಗೆ. ನಿಮ್ಮ ಪಾತಿ ಪೂರ್ತಿ ಹಾಳು ಮಾಡ್ಬಿಟ್ಟೆ."

"ಇರಲಿ ಬಿಡು. ಜೀವ ಇರೋವನ್ನ ಆ ಪಾತಿಗೆ ಸೇರಿಸೋಣ, ಬಾ."

ಇಬ್ಬರೂ ಹುಳಗಳನ್ನು ಬಕೆಟ್ಟಿಗೆ ಆರಿಸಿದರು. ಅತ್ತಿಗೆ ಗೋಡೆ ಪಕ್ಕದ ಪಾತಿಯ ಎಲೆಗಳನ್ನು ಸರಿಸಿದಳು. ಕೆಳಗೆ ಮಣ್ಣು ಕಪ್ಪಗೆ ಕೊಬ್ಬಿತ್ತು. ಅದರ ತುಂಬ ಹುಳಗಳು ಮಿಜಿಗುಟ್ಟುತ್ತಿದ್ದವು, ಬಕೆಟ್ಟಿನವಕ್ಕಿಂತ ದಪ್ಪ ದಪ್ಪ.

"ಇಲ್ಲಿದ್ದವೆಲ್ಲ ಟಿಲ್ಲರ್‌ಗೆ ಸಿಕ್ಕಿ ಸತ್ತುಹೋಗಿದ್ವಲ್ಲ ಅತ್ತಿಗೆ?"

"ಸತ್ತಿದ್ವು. ಅವತ್ತು ರಾತ್ರೀನೇ ಆಳಕ್ಕೆ ಗೊಬ್ಬರ ಹಾಕಿದೆ. ನಿಧಾನಕ್ಕೆ ಬೇರೆಯವು ಬಂದ್ವು."

"ಏನು ಗೊಬ್ಬರ?"

ಅತ್ತಿಗೆ ಎಲೆಗಳನ್ನು ಮತ್ತೆ ಹೊದಿಸಿ, ಮಲಗಿದ ಮಗುವನ್ನು ತಟ್ಟುವಂತೆ ಮೆಲ್ಲಗೆ ತಟ್ಟಿದಳು.

"ಹುಳಗಳನ್ನ ಕೊಂದವರೇ ಸಾಕಬೇಕಲ್ವಾ? ಸಾಕ್ತಾ ಇದ್ದಾರೆ, ನಿಮ್ಮಣ್ಣ."