ಹಗೇವಿನೊಳಗಿನ ಹಸಿವು

ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂದ ತನ್ನ ಪುಸ್ತಕವನ್ನು ಪ್ರಾಚಿ ಓದಿ ಹೇಳುತ್ತಿದ್ದಾಗ, ಮಂಚದ ಮೇಲೆ ಮಲಗಿದ್ದ ಅಜ್ಜಿ ಸರಸ್ವತಿಬಾಯಿಯ ಬಲಗೈ ಮೆಲ್ಲಗೆ ಮೇಲೆದ್ದಿತು. ಅಂಗೈ ತೆರೆದೇ ಇತ್ತು. ಅದು ರಜಾಕಾರರು ಹಳ್ಳಿಗಳ ಮೇಲೆ ದಾಳಿ ಮಾಡುತ್ತಿದ್ದ ಕಾಲದ ಕಥೆ. ಕೊಳಕೂರಿನಲ್ಲಿ ಜೋಳ ತುಂಬಿಡುವ ನೆಲದಡಿಯ ಹಗೇವಿನೊಳಗೆ ಅಡಗಿ, ದಿನಗಟ್ಟಲೆ ಉಪವಾಸವಿದ್ದೂ ಅಳದ ಹುಡುಗಿ ಈ ಅಜ್ಜಿಯೇ.

“ಏನು ಬೇಕು ಅಜ್ಜಿ?”

“ಮಹಬೂಬಿ ಮ್ಯಾಲಿಂದ ರೊಟ್ಟಿ ಕೊಡಾಕತ್ತಾಳ,” ಎಂದರು ಅಜ್ಜಿ, ಜಂತಿಯತ್ತ ನೋಡುತ್ತ.

ಪ್ರಾಚಿ ಅಪ್ಪನ ಕಡೆ ತಿರುಗಿದಳು. ಈ ಕಥೆಯನ್ನು ಅವಳಿಗೆ ಹೇಳಿದವರು ಅವರೇ. ಪ್ರಾಣೇಶರಾಯರು ಕನ್ನಡಕ ತೆಗೆದು ಒರೆಸತೊಡಗಿದರು. “ಮಡಿ ಮನಿತನ ನಮ್ಮದು. ನಿಮ್ಮಜ್ಜಿ ಸಾಬರ ಮನಿ ರೊಟ್ಟಿ ತಿಂದ್ಲು ಅಂತ ಹ್ಯಾಂಗ ಹೇಳೋದು ಪ್ರಾಚೀ? ಉಪವಾಸ ಇದ್ಲು ಅಂತನ ಮನ್ಯಾಗ ಎಲ್ಲಾರೂ ಹೇಳಿಕೋತ ಬಂದಾರ.”

“ಆ ಉಪವಾಸಕ್ಕ ಪ್ರಶಸ್ತಿ ಕೊಟ್ಟಾರಪ್ಪಾ. ಸಾಲಿ ಹುಡುಗ್ರು ಅದನ್ನ ಓದತಾರ.”

“ಬಂದದ್ದು ಬಂತು. ಈಗ ಸುಮ್ಮನಿರು.”

ಅಜ್ಜಿ ಕಾಣದ ತುತ್ತೊಂದನ್ನು ಮುರಿದು ಬಾಯಿಗಿಟ್ಟುಕೊಂಡು, ಹಲ್ಲಿಲ್ಲದ ಒಸಡಿನಲ್ಲಿ ನಿಧಾನವಾಗಿ ಅಗಿದರು. ಆಮೇಲೆ ಕೈಯನ್ನು ಮತ್ತೆ ಮೇಲೆತ್ತಿ, ಬೇಡವೆಂಬಂತೆ ಆಡಿಸಿದರು.

“ಸಾಕು ಮಹಬೂಬಿ, ಹೊಟ್ಟಿ ತುಂಬ್ತು.”