ಬಲಗೈ ಕೊಡು

ಪ್ರೇಮಕುಮಾರ ಎಡಗೈ ಚಾಚಿದ. ಸಭೆಯೆಲ್ಲ ನಕ್ಕಿತು.

“ಏ ಹುಚ್ಚಪ್ಪ, ಎಡಗೈ ಕೊಡ್ತಾರೇನಲೇ? ಬಲಗೈ ಕೊಡು,” ಎಂದರು ಹೆಡ್‌ಮಾಸ್ತರು. ಅವರ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ಹೊಡೆದಾಟವಿಲ್ಲದ ಶಾಲೆ’ ಎಂದು ಬರೆದಿತ್ತು. ಎದುರಿಗೆ ನಿಂತವನು ಅಮರೇಶ, ಶಾಲಾ ಸಮಿತಿ ಅಧ್ಯಕ್ಷರ ಮಗ. ಇಬ್ಬರ ಜಗಳ ಮುಗಿಯಿತೆಂದು ಊರಿಗೆ ತೋರಿಸಲು ಇಳಕಲ್ಲಿನಿಂದ ಫೋಟೋದವನನ್ನು ಕರೆಸಿದ್ದರು.

ಎಲ್ಲರ ಜೊತೆ ಪ್ರೇಮಕುಮಾರನ ತಾಯಿ ಶಾರವ್ವನೂ ನಕ್ಕಿದ್ದಳು. ಅವಳು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ನಗು ಇನ್ನೂ ಬಾಯಲ್ಲಿರುವಾಗಲೇ ಅವಳಿಗೆ ಬೆಳಗಿನದು ನೆನಪಾಯಿತು. “ಯವ್ವಾ, ಇವತ್ತ ನೀನ ಉಣಸು,” ಎಂದಿದ್ದ ಮಗ. “ಮೀಸಿ ಬರೂ ವಯಸ್ಸಿನ್ಯಾಗ ತುತ್ತು ಮಾಡಿ ಉಣಸಬೇಕೇನು ನಿನಗ?” ಎಂದು ರೊಟ್ಟಿಯ ತಾಟನ್ನು ಅವನ ಮುಂದೆ ಕುಕ್ಕಿದ್ದಳು. ಅವನು ಉಣ್ಣದೆ ಎದ್ದುಹೋಗಿದ್ದ.

ಈಗ ಅವನು ಬಲಗೈಯನ್ನು ಕಿಸೆಯಿಂದ ಮೆಲ್ಲಗೆ ಹೊರತೆಗೆದ. ಬಾಗಿಲ ಸಂದಿಗೆ ಹಿಡಿದು ಅದುಮಿದ ಹಾಗೆ ಬೆರಳುಗಳು ಬಾತು ಕಪ್ಪಾಗಿದ್ದವು. ಅಮರೇಶ ಅವನ್ನು ಗಟ್ಟಿಯಾಗಿ ಹಿಡಿದು, ಕ್ಯಾಮೆರಾ ಕಡೆ ನೋಡಿ ನಕ್ಕ.

“ನೋಡ್ರಿ, ದೋಸ್ತಿ ಅಂದ್ರ ಹಿಂಗ! ಹುಡುಗನ ಕಣ್ಣಾಗ ನೀರ ಬಂದಾವು,” ಎಂದರು ಹೆಡ್‌ಮಾಸ್ತರು.

ಶಾರವ್ವ ಎದ್ದು ನಿಂತಳು. ಪ್ರೇಮಕುಮಾರ ಮುಂದಿನ ಕುರ್ಚಿಯಲ್ಲಿದ್ದ ಅಧ್ಯಕ್ಷರನ್ನು ನೋಡಿದ, ಆಮೇಲೆ ಅವ್ವನನ್ನು ನೋಡಿ ಬೇಡವೆಂದು ತಲೆಯಾಡಿಸಿದ. ಅವಳ ಕೆಲಸ ಯಾರ ಕೈಯಲ್ಲಿದೆಯೆಂದು ಅವನಿಗೂ ಗೊತ್ತಿತ್ತು.

“ಯಾಕಬೇ, ಫೋಟೋದಾಗ ನೀನೂ ಬರಾಕಿ ಏನು?” ಎಂದು ಪಕ್ಕದವಳು ಸೆರಗು ಜಗ್ಗಿದಳು.

ಶಾರವ್ವ ಕೂತಳು.